ಕನಸು ಸುಳ್ಳೆಂದವರಾರು?



ಚಲನಚಿತ್ರ ಮುಗಿದು ದೀಪ ಹತ್ತಿದೊಡನೆ ನಮ್ಮವರ ಬಾಯಿಂದ ಹೊರಡುವ ಮಾತುಗಳಲ್ಲಿ ‘ಅರ್ಥವಾಗಲಿಲ್ಲ’ ಎಂಬುದೂ ಒಂದು. ಇದನ್ನು ಎರಡು ಧಾಟಿಗಳಲ್ಲಿ ಆಡುವುದುಂಟು. ಕೊಟ್ಟ ಹಣಕ್ಕೆ ತಕ್ಕ ಸರಕು ಸಿಗದ ಗಿರಾಕಿಯ ಧಾಟಿ ಒಂದು. ಅದರಲ್ಲಿ ಸಿಟ್ಟಿದೆ, ಅಂಜಿಕೆಯಿಲ್ಲ. ಆದುದರಿಂದ ಅದರ ಬಗೆಗೆ ನಮಗೆ ಚಿಂತೆಯಿಲ್ಲ. ದನಿ ತಗ್ಗಿಸಿ, ಅತ್ತಿತ್ತ ನೋಡಿ, ಉಳಿದವರಿಗೆಲ್ಲ ತಿಳಿದದ್ದು ತನಗೊಬ್ಬಳಿಗೇ ತಿಳಿಯಲಿಲ್ಲವೇನೋ ಎಂಬ ಸಂಕೋಚದಿಂದ ಆಡುವ ಧಾಟಿ ಇನ್ನೊಂದು. ಮನೆಯ ಹಿರಿಯರು, ಅದರಲ್ಲಿಯೂ ಹೆಣ್ಣುಮಕ್ಕಳು, ಹೆಚ್ಚಾಗಿ ಈ ಎರಡನೆಯ ಧಾಟಿಯಲ್ಲಿಯೇ ಮಾತನಾಡುತ್ತಾರೆ. ‘ಇಂಥ ಸಿನಿಮಾ ನಮಗಲ್ಲ ಬಿಡಿ, ಓದಿದವರಿಗೆ’ ಎಂದು ಎದ್ದು ಒಳಗೆ ಹೋಗುತ್ತಾರೆ. ಈ ತಿಂಗಳು ನಾವು ವಿಚಾರ ಮಾಡಬೇಕೆಂದಿರುವುದು ಈ ಸಂಕೋಚವನ್ನು ಕುರಿತು. ಅದಕ್ಕೆ ನೆಪವಾಗಿ, ಕನಸನ್ನೇ ನಡುಗಂಬವಾಗಿ ನಿಲ್ಲಿಸಿ ಕಟ್ಟಿದ ಕೆಲವು ಚಿತ್ರಗಳನ್ನು ಆರಿಸಿಕೊಂಡಿದ್ದೇವೆ.

ಕನಸು ನಮ್ಮ ಚಿತ್ರರಂಗಕ್ಕೆ ಹೊಸದೇನೂ ಅಲ್ಲ. ನಾಯಕ ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ನಿಂತು ಕಣ್ಣು ಮುಚ್ಚುತ್ತಾನೆ. ಮರುಗಳಿಗೆಯಲ್ಲಿ ನಾಯಕಿಯೊಡನೆ ಹಿಮದ ಬೆಟ್ಟದ ಮೇಲೆ ಕುಣಿಯುತ್ತಿರುತ್ತಾನೆ. ಪಲ್ಲವಿಗೆ ಒಂದು ಉಡುಪು, ಚರಣಕ್ಕೆ ಇನ್ನೊಂದು. ಹಾಡು ಮುಗಿದರೆ ಮತ್ತೆ ಅದೇ ಬಸ್ ನಿಲ್ದಾಣ. ಐವತ್ತು ವರ್ಷಗಳಿಂದ ಇದನ್ನು ನೋಡುತ್ತ ಬಂದ ನಮ್ಮ ತಾಯಂದಿರು ಯಾರೂ ಇದರ ಅರ್ಥವೇನೆಂದು ಕೇಳಲಿಲ್ಲ. ಚಳಿಯಲ್ಲಿ ಆ ಹೆಣ್ಣುಮಗಳಿಗೆ ಒಂದು ಶಾಲಾದರೂ ಕೊಡಬಾರದಿತ್ತೆ ಎಂದು ಕನಿಕರಪಟ್ಟದ್ದುಂಟು, ಅಷ್ಟೇ. ಆ ಕನಸಿಗೆ ಮುಂದೆಯೂ ಹಿಂದೆಯೂ ಬೇಲಿ ಹಾಕಿರುತ್ತಾರೆ. ಎಲ್ಲಿ ಒಳಹೊಕ್ಕೆವು, ಎಲ್ಲಿ ಹೊರಬಂದೆವು ಎಂಬುದು ಮಗುವಿಗೂ ತಿಳಿಯುತ್ತದೆ. ನಿರ್ದೇಶಕನೊಬ್ಬ ಆ ಬೇಲಿಯನ್ನು ಕಿತ್ತು ಹಾಕಿದಾಗ ಮಾತ್ರ ನಮಗೆ ತೊಡಕು ಆರಂಭವಾಗುತ್ತದೆ.

ಗಿರೀಶ ಕಾಸರವಳ್ಳಿಯವರ ‘ಕನಸೆಂಬೋ ಕುದುರೆಯನೇರಿ’ ಇಂಥ ಚಿತ್ರ. ತೀರ್ಥಹಳ್ಳಿ ತಾಲ್ಲೂಕಿನವರಾದ ಕಾಸರವಳ್ಳಿಯವರು ಔಷಧಶಾಸ್ತ್ರ ಓದಿ, ಅದನ್ನು ಬಿಟ್ಟು ಪುಣೆಯ ಚಲನಚಿತ್ರ ಸಂಸ್ಥೆಗೆ ಹೋದವರು. 1977ರಲ್ಲಿ ‘ಘಟಶ್ರಾದ್ಧ’ದಿಂದ ಆರಂಭಿಸಿ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಎಂದು ನಾಲ್ಕು ಸಲ ರಾಷ್ಟ್ರದ ಸ್ವರ್ಣಕಮಲವನ್ನು ಕನ್ನಡಕ್ಕೆ ತಂದವರು. ಹಾಡು, ಕುಣಿತ, ಹೊಡೆದಾಟಗಳ ದಾರಿಯನ್ನು ಇಡೀ ಬಾಳಿನಲ್ಲಿ ಒಮ್ಮೆಯೂ ಹಿಡಿಯದ ಈ ನಿರ್ದೇಶಕರು 2010ರಲ್ಲಿ ತೆರೆಗೆ ಬಂದ ಈ ಚಿತ್ರಕ್ಕೆ ಅಮರೇಶ ನುಗಡೋಣಿಯವರ ‘ಸವಾರಿ’ ಎಂಬ ಕಥೆಯನ್ನು ಆರಿಸಿಕೊಂಡರು. 57ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ಗೌರವ ಬಂತು. ಕಥೆಯನ್ನು ಚಿತ್ರಕಥೆಯಾಗಿ ಅಳವಡಿಸಿದ್ದಕ್ಕೆ ಗೋಪಾಲಕೃಷ್ಣ ಪೈ ಮತ್ತು ಕಾಸರವಳ್ಳಿಯವರಿಗೆ ಬೇರೆಯೇ ಪ್ರಶಸ್ತಿ ಸಂದಿತು.

ಕಥೆ ನಡೆಯುವುದು ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ. ಈರ್ಯಾ ಎಂಬವನು ಸತ್ತವರಿಗೆ ಕುಣಿ ತೋಡುವ ಬಡವ. ಅವನ ಹೆಂಡತಿ ರುದ್ರಿ. ಹೂಳುವ ಸಂಪ್ರದಾಯವುಳ್ಳ ನಮ್ಮಂಥವರ ಊರುಗಳಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ. ಊರಿನ ಪ್ರತಿಯೊಂದು ಮನೆಗೂ ಅವನು ಒಂದಲ್ಲ ಒಂದು ದಿನ ಬೇಕು. ಆದರೆ ಆ ದಿನವೊಂದನ್ನು ಬಿಟ್ಟು ಉಳಿದ ಯಾವ ದಿನವೂ ಅವನ ನೆನಪು ಯಾರಿಗೂ ಬಾರದು. ಈರ್ಯಾನಿಗೆ ಒಂದು ವಿಶೇಷವಿದೆ. ಅವನ ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಿನಲ್ಲಿ ಯಾರೋ ತೀರಿಕೊಂಡಿದ್ದಾರೆಂದೇ ಅರ್ಥ. ಒಂದು ರಾತ್ರಿ ಸಿದ್ಧ ಬರುತ್ತಾನೆ. ಹಾಸಿಗೆ ಹಿಡಿದಿರುವವರು ಊರ ಗೌಡರು. ಈರ್ಯಾ ಎದ್ದು ವಾಡೆಗೆ ಹೋಗುತ್ತಾನೆ. ಯಾರೂ ಸತ್ತಿಲ್ಲವೆಂದು ಅಲ್ಲಿ ಅವನನ್ನು ಹಿಂದಕ್ಕೆ ಕಳಿಸುತ್ತಾರೆ. ಎಂದೂ ಹುಸಿಯಾಗದ ಕನಸು ಹುಸಿಯಾಯಿತೆಂದು ಅವನು ಕುಗ್ಗಿಹೋಗುತ್ತಾನೆ.

ನಿಜವಾಗಿ ಗೌಡರು ತೀರಿಕೊಂಡಿರುತ್ತಾರೆ. ವಾಡೆಯವರು ತಮ್ಮದೇ ಕಾರಣಗಳಿಗಾಗಿ ಸಾವನ್ನು ಮುಚ್ಚಿಟ್ಟಿರುತ್ತಾರೆ. ಕಥೆ ಇಷ್ಟೇ, ಆದರೆ ಕಾಸರವಳ್ಳಿಯವರು ಇದನ್ನು ನೆಟ್ಟಗೆ ಹೇಳುವುದಿಲ್ಲ. ಮೊದಲು ಗುಡಿಸಲಿನ ಕಡೆಯಿಂದ ತೋರಿಸುತ್ತಾರೆ, ಬಳಿಕ ವಾಡೆಯ ಕಡೆಯಿಂದ. ಒಮ್ಮೆ ನಡೆದದ್ದೇ ಮತ್ತೊಮ್ಮೆ ಕಣ್ಣೆದುರು ಬಂದಾಗ, ಚಿತ್ರ ಹಿಂದಕ್ಕೆ ಹೋಯಿತೆ, ಮುಂದಕ್ಕೆ ಹೋಯಿತೆ ಎಂದು ಪ್ರೇಕ್ಷಕ ತಬ್ಬಿಬ್ಬಾಗುವುದು ಸಹಜ.

ದಾಂಡೇಲಿಯ ನೆರೆಯ ನಮ್ಮ ಕೋಗಿಲಬನದಲ್ಲಿ ಕಳೆದ ಮಳೆಗಾಲದ ಒಂದು ಸಂಜೆ ನೆರೆಹೊರೆಯ ಹತ್ತು ಹನ್ನೆರಡು ಮಂದಿ ಒಂದು ಮನೆಯಲ್ಲಿ ಕೂಡಿ ಈ ಚಿತ್ರವನ್ನು ನೋಡಿದೆವು. ಹೊರಗೆ ಮಳೆ, ಒಳಗೆ ಚಹ, ಚುರುಮುರಿ. ಆ ಮನೆಯ ಮೊಮ್ಮಗ ಹುಬ್ಬಳ್ಳಿಯಲ್ಲಿ ಓದುವವನು, ಚುರುಕು ಹುಡುಗ. ಚಿತ್ರದ ವಿವರಣೆಯನ್ನು ಮೊದಲೇ ಎಲ್ಲಿಯೋ ಓದಿ ಬಂದಿದ್ದ. ಹತ್ತು ನಿಮಿಷಕ್ಕೊಮ್ಮೆ ಚಿತ್ರವನ್ನು ತಡೆದು, ಇದು ಇಂಥದರ ಸಂಕೇತ, ಅದು ಅಂಥದರ ಸಂಕೇತ ಎಂದು ನಮಗೆಲ್ಲ ತಿಳಿಹೇಳುತ್ತಿದ್ದ. ಉದ್ದೇಶ ಒಳ್ಳೆಯದೇ. ಆದರೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವನ ಅಜ್ಜಿ ಪ್ರತಿ ವಿವರಣೆಗೂ ಇಷ್ಟಿಷ್ಟೇ ಹಿಂದಕ್ಕೆ ಸರಿಯುತ್ತಿದ್ದುದನ್ನು ನಾವು ಗಮನಿಸಿದೆವು. ಮುಗಿದ ಮೇಲೆ ಹುಡುಗ, “ಆಯಿ, ತಿಳೀತೇನು?” ಎಂದು ಕೇಳಿದ. “ನನಗೇನ್ ತಿಳೀತದಪಾ, ನೀವು ಓದಿದವರು” ಎಂದರು ಅವರು. ಚಹದ ಬಟ್ಟಲು ಕೆಳಗಿಟ್ಟು, ಸ್ವಲ್ಪ ಹೊತ್ತಿನ ಮೇಲೆ, ಯಾರನ್ನೂ ನೋಡದೆ ಮತ್ತೊಂದು ಮಾತು ಹೇಳಿದರು: “ಆದ್ರ ಅವನ ಕನಸು ಎಲ್ಲಿ ಸುಳ್ಳಾತು? ಗೌಡ ಸತ್ತಿದ್ದು ಖರೇನ ಐತಿ. ಸುಳ್ಳು ಹೇಳಿದಾಂವ ಎಚ್ಚರಿದ್ದಾಂವ.”

ಆ ಕೋಣೆಯಲ್ಲಿ ಅಲ್ಲಿಯವರೆಗೆ ಆಡಿದ ಮಾತುಗಳಲ್ಲೆಲ್ಲ ಇದೇ ಚಿತ್ರದ ಹೊಕ್ಕುಳನ್ನು ಮುಟ್ಟಿದ ಮಾತು. ಇದನ್ನು ಹೇಳಲು ಆ ತಾಯಿಗೆ ಸಂಕೇತಗಳ ಪಟ್ಟಿ ಬೇಕಾಗಲಿಲ್ಲ. ಬೇಕಾದದ್ದು ಎರಡೇ: ಯಾರು ಯಾರಿಗೆ ಏನು ಹೇಳಿದರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡದ್ದು, ವಾಡೆಯ ಮಾತನ್ನು ವಾಡೆಯ ಮಾತೆಂಬ ಕಾರಣಕ್ಕೆ ನಂಬದೆ ಇದ್ದದ್ದು. ಹಾಗಿದ್ದೂ ಅವರ ಮೊದಲ ಉತ್ತರ ‘ನನಗೇನು ತಿಳಿಯುತ್ತದೆ’ ಎಂಬುದೇ ಆಗಿತ್ತು! ಈರ್ಯಾ ವಾಡೆಯ ಬಾಗಿಲಿನಿಂದ ತಿರುಗಿ ಬಂದದ್ದೂ ಹೀಗೆಯೇ ಅಲ್ಲವೆ? ಅವನು ಕಂಡದ್ದು ನಿಜ. ಆದರೆ ದೊಡ್ಡವರು ಇಲ್ಲವೆಂದರು. ತನ್ನ ಕಾಣ್ಕೆಯೇ ತಪ್ಪಿರಬೇಕೆಂದು ಅವನು ಒಪ್ಪಿಕೊಂಡ. ಕನಸಿನಂಥ ಚಿತ್ರಗಳ ಎದುರಿಗೆ ನಮ್ಮ ಮನೆಗಳಲ್ಲಿ ನಿತ್ಯವೂ ನಡೆಯುವುದು ಇದೇ ಎಂಬುದು ನಮ್ಮ ಅನಿಸಿಕೆ. ಕಂಡದ್ದನ್ನು ಕಂಡೆನೆನ್ನಲು ನಮ್ಮವರಿಗೆ ಯಾರದೋ ಅಪ್ಪಣೆ ಬೇಕಾಗಿದೆ.

ಹಾಗಾದರೆ ಇಂಥ ಚಿತ್ರವನ್ನು ನೋಡುವ ಬಗೆ ಯಾವುದು? ‘ಇದರ ಅರ್ಥವೇನು’ ಎಂಬ ಪ್ರಶ್ನೆಯನ್ನು ಮೊದಲ ಸಲ ನೋಡುವಾಗ ಹೊಸ್ತಿಲಿನ ಹೊರಗೆ ಬಿಟ್ಟುಬರುವುದು ಒಳ್ಳೆಯದು. ಚಪ್ಪಲಿ ಬಿಟ್ಟಂತೆ, ಹೋಗುವಾಗ ಮತ್ತೆ ಮೆಟ್ಟಿಕೊಳ್ಳಬಹುದು. ಒಳಗೆ ಕುಳಿತಿರುವಷ್ಟು ಹೊತ್ತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬಹಳ ಸಣ್ಣವು. ಈಗ ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ? ಈ ವಸ್ತುವನ್ನು, ಈ ಮುಖವನ್ನು, ಈ ಸದ್ದನ್ನು ಹಿಂದೆ ಎಲ್ಲಿ ಕಂಡೆವು, ಎಲ್ಲಿ ಕೇಳಿದೆವು? ಎರಡನೆಯ ಸಲ ಬಂದಾಗ ಅದರಲ್ಲಿ ಏನು ಬದಲಾಗಿದೆ? ಮದುವೆಯ ಮನೆಯಲ್ಲಿ ಯಾರು ಯಾರ ಕಡೆಯವರು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದನ್ನು ಅರ್ಧ ಗಂಟೆಯಲ್ಲಿ ಅರಿಯಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಇದು ಕಷ್ಟದ ವಿದ್ಯೆಯೆಂದು ನಮಗೆ ತೋರುವುದಿಲ್ಲ.

ಈರ್ಯಾನ ಪಾತ್ರ ವಹಿಸಿದ ವೈಜನಾಥ ಬಿರಾದಾರರ ಮುಖವನ್ನೇ ನೋಡಿ. ಬೀದರ ಜಿಲ್ಲೆಯ ಈ ನಟನನ್ನು ನಾವೆಲ್ಲ ಬಹುಕಾಲ ಚಿಕ್ಕಪುಟ್ಟ ಹಾಸ್ಯದ ಪಾತ್ರಗಳಲ್ಲಿ ಕಂಡು ನಕ್ಕವರು. ಅದೇ ಮುಖ ಇಲ್ಲಿ ಕನಸು ಕಂಡವನ ಮುಖ, ಕನಸು ಕಳೆದುಕೊಂಡವನ ಮುಖ. ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವ 2011ರಲ್ಲಿ ಅವರನ್ನು ಶ್ರೇಷ್ಠ ನಟರೆಂದು ಆರಿಸಿತು. ಅಲ್ಲಿಯ ತೀರ್ಪುಗಾರರಿಗೆ ನಮ್ಮ ಭಾಷೆ ಬಾರದು, ವಾಡೆಯೆಂದರೆ ಏನೆಂಬುದು ತಿಳಿಯದು. ಅವರು ಓದಿದ್ದು ಮುಖವನ್ನು. ರುದ್ರಿಯಾಗಿ ಉಮಾಶ್ರೀಯವರ ಅಭಿನಯದ ಬಗೆಗೆ ಬರೆಯತೊಡಗಿದರೆ ಈ ಪುಟ ಸಾಲದು, ನೋಡಿಯೇ ತಿಳಿಯಿರಿ.

ದೂರದೇಶದ ಕನಸೂ ಕೆಲವೊಮ್ಮೆ ನಮ್ಮ ಹಿತ್ತಲಿನದೇ ಆಗಿರುತ್ತದೆ. ಜಪಾನಿನ ಅಕಿರ ಕುರೊಸಾವಾ 1990ರಲ್ಲಿ, ತಮ್ಮ ಎಂಬತ್ತರ ವಯಸ್ಸಿನಲ್ಲಿ, ‘ಡ್ರೀಮ್ಸ್’ ಎಂಬ ಚಿತ್ರವನ್ನು ಮಾಡಿದರು. ಎಂಟು ಕನಸುಗಳು, ಒಂದಕ್ಕೂ ಇನ್ನೊಂದಕ್ಕೂ ಕಥೆಯ ನಂಟಿಲ್ಲ. ಮೊದಲನೆಯದರಲ್ಲಿ ಬಿಸಿಲು ಮಳೆ ಒಟ್ಟಿಗೆ ಬಂದಿದೆ. ಇಂಥ ಹೊತ್ತಿನಲ್ಲಿ ನರಿಗಳ ಮದುವೆ ನಡೆಯುತ್ತದೆ, ಅದನ್ನು ಯಾರೂ ನೋಡಬಾರದು ಎಂದು ತಾಯಿ ಎಚ್ಚರಿಸುತ್ತಾಳೆ. ಹುಡುಗ ಕೇಳಬೇಕಲ್ಲ! ಕಾಡಿಗೆ ಹೋಗಿ ಮರದ ಮರೆಯಲ್ಲಿ ನಿಂತು ದಿಬ್ಬಣವನ್ನು ನೋಡುತ್ತಾನೆ. ಮರಳಿ ಬಂದಾಗ ತಾಯಿ ಅವನನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ನರಿಗಳು ಬಿಟ್ಟುಹೋದ ಕತ್ತಿಯನ್ನು ಅವನ ಕೈಗಿತ್ತು, ಹೋಗಿ ಕ್ಷಮೆ ಕೇಳೆಂದು ಬಾಗಿಲು ಹಾಕುತ್ತಾಳೆ. ಕಾಮನಬಿಲ್ಲಿನ ಕೆಳಗೆ ಇದೆಯೆಂಬ ನರಿಗಳ ಮನೆಯನ್ನು ಅರಸಿ ಹುಡುಗ ಹೂವಿನ ಬಯಲಿಗೆ ನಡೆಯುತ್ತಾನೆ. ಕನಸು ಅಲ್ಲಿಗೇ ನಿಲ್ಲುತ್ತದೆ.

ಬಿಸಿಲು ಮಳೆ ಕೂಡಿ ಬಂದರೆ ಕಾಗೆಗೂ ನರಿಗೂ ಮದುವೆಯೆಂದು ಕೇಳುತ್ತ ಬೆಳೆದವರಲ್ಲವೆ ನಾವು? ಕಾಳಿ ನದಿಯ ಈ ದಂಡೆಯ ಕಾಡಿನಲ್ಲಿ, ಶ್ರಾವಣದ ಮಧ್ಯಾಹ್ನ ಒಂದು ಮಗ್ಗುಲಿಗೆ ಬಿಸಿಲು, ಒಂದು ಮಗ್ಗುಲಿಗೆ ಮಳೆ ಬೀಳುವುದನ್ನು ಕಂಡವರಿಗೆ ಆ ಜಪಾನಿ ಹುಡುಗ ಪರಕೀಯನಾಗಲಾರ. ಮಕ್ಕಳೊಡನೆ ಈ ಒಂದು ಕನಸನ್ನಾದರೂ ನೋಡಿರೆಂದು ನಮ್ಮ ಸಲಹೆ. ಕತ್ತಿಯ ಮಾತು ಬಂದಾಗ ಎಳೆಯ ಮಕ್ಕಳು ಅಂಜಬಹುದು. ಆಗ ಪಕ್ಕದಲ್ಲಿ ಕುಳಿತಿರಿ. ತಾಯಿಯೇ ಬಾಗಿಲು ಹಾಕುವ ಕನಸನ್ನು ಯಾವ ಮಗು ಕಂಡಿಲ್ಲ?

ಅಸಂಗತವಾದುದನ್ನು ಆಸ್ವಾದಿಸುವ ಅಭ್ಯಾಸ ನಮಗೆ ಹೊರಗಿನಿಂದ ಬರಬೇಕಾಗಿಲ್ಲ ಎಂಬುದಕ್ಕೆ ಮತ್ತೊಂದು ಆಧಾರವಿದೆ. ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ಈ ಪತ್ರಿಕೆಯ ಓದುಗರಿಗೆ ಪರಿಚಯಿಸಬೇಕಾದುದಿಲ್ಲ. ಲೋಕದಲ್ಲಿ ಎಂದೂ ಕೂಡದ ವಸ್ತುಗಳು ಅಲ್ಲಿ ಕೂಡುತ್ತವೆ. ಆಗದ ಕಾರ್ಯ ಆಗುತ್ತದೆ. ನಂತರದ ಕಾಲದ ಟೀಕಾಕಾರರು ಒಂದೊಂದು ಮಾತಿಗೂ ಒಂದೊಂದು ತಾತ್ತ್ವಿಕ ಅರ್ಥವನ್ನು ಹೊಂದಿಸಿ ಟೀಕೆ ಬರೆದರು. ಆ ಟೀಕೆಗಳು ಉಪಕಾರಿಗಳೇ ಸರಿ. ಆದರೆ ಟೀಕೆಯನ್ನು ಓದಿ ಮುಗಿಸಿದ ಮೇಲೆಯೂ ವಚನ ಮುಗಿಯದೆ ಉಳಿದಿರುತ್ತದೆ. ಮತ್ತೆ ಓದಿದರೆ ಮತ್ತೆ ಮೈ ಜುಮ್ಮೆನ್ನುತ್ತದೆ. ಅರ್ಥವೊಂದೇ ಸಾಕಾಗಿದ್ದರೆ ಟೀಕೆಯನ್ನಿಟ್ಟುಕೊಂಡು ವಚನವನ್ನು ಬಿಟ್ಟುಬಿಡುತ್ತಿದ್ದೆವು. ಇನ್ನು ಶಿಶುನಾಳದ ಷರೀಫ ಸಾಹೇಬರ ಮಾತು ಬಂದರಂತೂ, ಮಂಗನನ್ನು ಕೋಳಿ ನುಂಗಿತೆಂಬ ಅವರ ಪದವನ್ನು ನಮ್ಮ ಭಜನೆಯ ಮೇಳಗಳು ಹಾಡದ ಊರಿಲ್ಲ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದ ಮೇಲೆ ಅದು ಶಾಲೆಯ ಮಕ್ಕಳ ಬಾಯಲ್ಲಿಯೂ ನಿಂತಿತು. ತಾಳ ಹಾಕುತ್ತ ತಲೆದೂಗುವ ಹಿರಿಯರಲ್ಲಿ ಒಬ್ಬರಾದರೂ, ಕೋಳಿಯ ಗಂಟಲು ಅಷ್ಟು ದೊಡ್ಡದಿರುವುದೆ ಎಂದು ಕೇಳಿ ಎದ್ದುಹೋದದ್ದನ್ನು ನಾವು ಕಂಡಿಲ್ಲ. ತೆರೆಯ ಮೇಲೆ ಅದೇ ಬಗೆಯ ಚಿತ್ರವೊಂದು ಮೂಡಿದಾಗ ಮಾತ್ರ ಕೈಕಾಲು ಬಿಡುವುದೇಕೆ?

ಹೊಸ ಪೀಳಿಗೆಯವರ ಚಿತ್ರಗಳಲ್ಲಿ 2013ರ ‘ಲೂಸಿಯಾ’ವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಿರ್ದೇಶಕ ಪವನ್ ಕುಮಾರ್ ಅವರಿಗೆ ಹಣ ಹೂಡುವವರು ಸಿಗಲಿಲ್ಲ. ಅವರು ನೇರವಾಗಿ ಜನರನ್ನೇ ಕೇಳಿದರು. 110 ಮಂದಿ ಸೇರಿ 27 ದಿನಗಳಲ್ಲಿ 51 ಲಕ್ಷ ರೂಪಾಯಿಗಳನ್ನು ಕೂಡಿಸಿಕೊಟ್ಟರು. ಊರವರು ವಂತಿಗೆ ಎತ್ತಿ ಜಾತ್ರೆ ಮಾಡಿದಂತೆ ಚಿತ್ರವಾಯಿತು. ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿಯನ್ನೂ ಪಡೆಯಿತು. ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚು ಬಿಟ್ಟು ಸೀಟು ತೋರಿಸುವ ನಿಕ್ಕಿಗೆ ನಿದ್ರೆ ಬಾರದು. ಲೂಸಿಯಾ ಎಂಬ ಗುಳಿಗೆ ನುಂಗಿದರೆ ನಿದ್ರೆಯೊಡನೆ ಕನಸೂ ಬರುತ್ತದೆ. ಆ ಕನಸಿನಲ್ಲಿ ಅವನು ಹೆಸರಾಂತ ಚಿತ್ರನಟ. ನಿನ್ನೆ ಬಿಟ್ಟಲ್ಲಿಂದ ಇಂದು ಕನಸು ಮುಂದುವರಿಯುತ್ತದೆ.

ಚಿತ್ರವನ್ನು ಇನ್ನೂ ನೋಡದವರು ಈ ಒಂದು ಪರಿಚ್ಛೇದವನ್ನು ಬಿಟ್ಟು ಮುಂದೆ ಹೋಗಬಹುದು. ಟಾರ್ಚು ಬಿಡುವವನ ಬದುಕು ಬಣ್ಣದಲ್ಲಿದೆ, ನಟನ ಬದುಕು ಕಪ್ಪು ಬಿಳುಪಿನಲ್ಲಿದೆ. ನೆನಪು, ಕನಸುಗಳನ್ನು ಕಪ್ಪು ಬಿಳುಪಿನಲ್ಲಿ ತೋರಿಸುವುದು ಸಿನಿಮಾದವರ ಹಳೆಯ ರೂಢಿ. ಆ ರೂಢಿಯನ್ನು ನಂಬಿ ನಾವು ಬಣ್ಣದ್ದೆಲ್ಲ ನಿಜ, ಬಣ್ಣವಿಲ್ಲದ್ದು ಕನಸು ಎಂದುಕೊಂಡು ಕುಳಿತಿರುತ್ತೇವೆ. ಕೊನೆಗೆ ತಿಳಿಯುವುದು ಬೇರೆ: ಇರುವವನು ಆ ನಟನೇ; ಕೀರ್ತಿಯಿಂದ ಬಳಲಿದ ಅವನು ಬಡವನಾಗಿ, ಯಾರೂ ಗುರುತಿಸದವನಾಗಿ ಬಾಳುವ ಕನಸನ್ನು ಬಣ್ಣದಲ್ಲಿ ಕಾಣುತ್ತಿದ್ದಾನೆ. ನಿರ್ದೇಶಕ ನಮಗೆ ಎಲ್ಲಿಯೂ ಸುಳ್ಳು ಹೇಳಿಲ್ಲ. ಕಪ್ಪು ಬಿಳುಪೆಂದರೆ ಕನಸು ಎಂದು ಅವನು ಹೇಳಿದ್ದು ಯಾವಾಗ? ನಮ್ಮ ಅಭ್ಯಾಸವೇ ಹೇಳಿಕೊಂಡಿತು. ಆದುದರಿಂದಲೇ ಈ ಚಿತ್ರವನ್ನು ಎರಡನೆಯ ಸಲ ನೋಡುವುದು ಮೊದಲನೆಯದಕ್ಕಿಂತ ಸೊಗಸು. ಆ ಸಿರಿವಂತನಿಗೆ ಅಪೂರ್ವವೆನಿಸಿದ್ದು ಏನೇನು ಎಂದು ನೋಡುತ್ತ ಹೋಗಿ: ಬೈಗುಳ, ಸಾಲ, ಹೆಣ್ಣು ನೋಡುವ ಶಾಸ್ತ್ರ, ತಿಂಗಳ ಕೊನೆಯ ಸಂಕಟ. ನಮ್ಮ ಮನೆಗಳಲ್ಲಿ ಬೇಡವೆಂದರೂ ಸಿಗುವಂಥವು!

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ಮಲಗುವವರ ಮನೆಗಳಲ್ಲಿ ‘ಲೂಸಿಯಾ’ ಬೇಗ ಅರ್ಥವಾಗುತ್ತದೆಂದು ನಮಗೆ ಅನುಭವಕ್ಕೆ ಬಂದಿದೆ. ಮಕ್ಕಳು ಶಾಲೆಗೆ ಹೊರಡುವ ಸದ್ದು, ಕುಕ್ಕರಿನ ಸೀಟಿ, ತರಕಾರಿಯವನ ಕೂಗು ಇವೆಲ್ಲ ಕನಸಿನೊಳಗೆ ನುಗ್ಗಿ ಬೇರೆ ರೂಪ ತಾಳುವುದನ್ನು ಅವರು ವರ್ಷಗಟ್ಟಲೆ ಕಂಡವರು. ಹೊರಗಿನ ಒಂದು ವಸ್ತು ಒಳಗೆ ಹೋಗಿ ವೇಷ ಬದಲಿಸುತ್ತದೆ. ಕನಸಿನ ಚಿತ್ರಗಳನ್ನು ಕಟ್ಟುವವರೆಲ್ಲ ಬಳಸುವ ಮುಖ್ಯ ಉಪಾಯ ಇದು. ಅಮೆರಿಕದ ಡೇವಿಡ್ ಲಿಂಚ್ ಎಂಬ ನಿರ್ದೇಶಕ 2001ರ ‘ಮಲ್‌ಹಾಲಂಡ್ ಡ್ರೈವ್’ ಚಿತ್ರದಲ್ಲಿ ಇದನ್ನೇ ಮಾಡಿದ. ಹಾಲಿವುಡ್ಡಿಗೆ ಬಂದು ಸೋತ ನಟಿಯೊಬ್ಬಳ ಬಾಳಿನ ಚೂರುಗಳು, ಗೆದ್ದವಳ ಕನಸೊಂದರಲ್ಲಿ ಬೇರೆ ಬೇರೆ ಹೆಸರು ಹೊತ್ತು ಮೊದಲೇ ಬಂದುಹೋಗಿರುತ್ತವೆ ಎಂದು ಅದನ್ನು ಓದುವವರು ಬಹಳ ಮಂದಿ. ಇದರ ಅರ್ಥವೇನೆಂದು ಲೋಕವೆಲ್ಲ ಕೇಳಿದರೂ, 2025ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಲಿಂಚ್ ಬಾಯಿ ಬಿಡಲಿಲ್ಲ. ಚಿತ್ರದ ತಟ್ಟೆಯೊಡನೆ ಹತ್ತು ಸುಳಿವುಗಳ ಒಂದು ಚೀಟಿಯನ್ನು ಕೊಟ್ಟದ್ದುಂಟು. ಅದರಲ್ಲಿಯೂ ಉತ್ತರವಿಲ್ಲ, ಕೆಂಪು ದೀಪದ ಮುಸುಕನ್ನು ಗಮನಿಸಿರಿ ಎಂಬಂಥ ಸೂಚನೆಗಳಿವೆ. ಕಣ್ಣು ತೆರೆದು ನೋಡಿರಿ ಎಂಬುದಕ್ಕಿಂತ ಹೆಚ್ಚಿನದನ್ನು ಅವನು ಹೇಳಿದಂತೆ ನಮಗೆ ತೋರುವುದಿಲ್ಲ. ಆ ಚಿತ್ರ ಕುಟುಂಬದೊಡನೆ ಕುಳಿತು ನೋಡುವಂಥದಲ್ಲ ಎಂಬ ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು.

ಹೀಗೆಂದ ಮಾತ್ರಕ್ಕೆ ತಿಳಿಯದುದೆಲ್ಲ ದೊಡ್ಡದೆಂದು ಕೈಮುಗಿಯಬೇಕಾಗಿಲ್ಲ. ತಲೆಬುಡವಿಲ್ಲದುದನ್ನು ಜೋಡಿಸಿ, ಕೇಳಿದರೆ ‘ನಿಮಗೆ ತಿಳಿಯುವುದಿಲ್ಲ’ ಎನ್ನುವವರೂ ಇದ್ದಾರೆ. ಅವರನ್ನು ಗುರುತಿಸುವುದು ಹೇಗೆ? ನಮ್ಮ ಒರೆಗಲ್ಲು ಅಡುಗೆಮನೆಯದು. ಮಾರನೆಯ ದಿನ ರೊಟ್ಟಿ ಬಡಿಯುವಾಗ ಆ ಚಿತ್ರದ ಒಂದು ನೋಟವಾದರೂ ಕರೆಯದೆ ನೆನಪಿಗೆ ಬಂತೆ? ಬಂದರೆ, ಅದರ ಬೆನ್ನಿಗೆ ಇನ್ನೊಂದು ನೋಟ ಬಂದು ಕೂಡಿಕೊಂಡಿತೆ? ಹಾಗಾದರೆ ಅಲ್ಲಿ ಕಟ್ಟಡವಿದೆ, ಮತ್ತೊಮ್ಮೆ ಹೋಗಬಹುದು. ಏನೂ ಬಾರದಿದ್ದರೆ ಆ ಚಿತ್ರವನ್ನು ನಿಶ್ಚಿಂತೆಯಿಂದ ಬಿಟ್ಟುಬಿಡಿರಿ, ಅದಕ್ಕೆ ಎಷ್ಟೇ ಪ್ರಶಸ್ತಿ ಬಂದಿರಲಿ.

ಉಪೇಂದ್ರ ಅವರ ಹೆಸರನ್ನು ಕಿರಿಯ ಓದುಗರು ಇಷ್ಟು ಹೊತ್ತಿಗೆ ನೆನೆದಿರಬಹುದು. 1998ರ ‘ಎ’ ಚಿತ್ರದಲ್ಲಿ ಕಥೆಯನ್ನು ಹಿಂದುಮುಂದಾಗಿ ಹೇಳಿ, ಇದು ಬುದ್ಧಿವಂತರಿಗೆ ಮಾತ್ರವೆಂದು ಸಾರಿಕೊಂಡ ನಿರ್ದೇಶಕ ಅವರು. ಆ ಸಾರಿಕೆ ಚೇಷ್ಟೆಯದೆಂದು ನಮಗೂ ಗೊತ್ತು. ಆ ಚೇಷ್ಟೆಗೆ ಜನ ಮುಗಿಬಿದ್ದರೆಂಬುದೂ ಗೊತ್ತು. ತಾನು ದಡ್ಡನೆನಿಸಿಕೊಳ್ಳಲು ಯಾರಿಗೆ ಇಷ್ಟ? ಅವರೇ 2024ರ ಡಿಸೆಂಬರಿನಲ್ಲಿ ‘ಯುಐ’ ತಂದಾಗ ಮಾತನ್ನು ತಿರುಗುಮುರುಗು ಮಾಡಿ, ಬುದ್ಧಿವಂತರು ಎದ್ದು ಹೋಗಬಹುದು, ದಡ್ಡರು ಕುಳಿತು ನೋಡಿರಿ ಎಂದು ಆರಂಭದಲ್ಲಿಯೇ ಬರೆಸಿದರು. ಆ ಚಿತ್ರಗಳ ಆರ್ಭಟ ನಮ್ಮ ರುಚಿಗೆ ಹೆಚ್ಚೆನಿಸಿದರೂ ಈ ಎರಡನೆಯ ಮಾತು ಹಿಡಿಸಿತು. ಬುದ್ಧಿವಂತನೆಂಬ ಬಿರುದಿನ ಆಸೆ ಬಿಟ್ಟು ಕುಳಿತವರಿಗೇ ಕನಸು ಕಾಣುವುದು.

ಹಳ್ಳಿಯ ಜನ ಜಗತ್ತಿನ ಕಠಿಣ ಚಿತ್ರಗಳನ್ನು ನೋಡಬಲ್ಲರೆ ಎಂಬ ಪ್ರಶ್ನೆಯನ್ನು ಮಾತಿನಿಂದಲ್ಲದೆ ಕೆಲಸದಿಂದ ಎತ್ತಿಕೊಂಡವರು ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು. ನಮ್ಮ ಜಿಲ್ಲೆಯ ಗಡಿಗೆ ತಾಗಿದ ಸಾಗರ ತಾಲ್ಲೂಕಿನ ಆ ಪುಟ್ಟ ಊರಿನಲ್ಲಿ 1949ರಿಂದ ಇದ್ದ ನೀನಾಸಮ್ ನಾಟಕ ಸಂಘದ ಅಂಗವಾಗಿ 1973ರಲ್ಲಿ ಚಿತ್ರಸಮಾಜ ಹುಟ್ಟಿತು. ಅಡಕೆ ತೋಟದ ಕೆಲಸ ಮುಗಿಸಿ ಬಂದವರು ದೇಶವಿದೇಶಗಳ ಚಿತ್ರಗಳನ್ನು ನೋಡಿದರು. ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಾಧ್ಯಾಪಕ ಸತೀಶ ಬಹಾದ್ದೂರರು ಅಲ್ಲಿಗೇ ಬಂದು ರಸಗ್ರಹಣ ಶಿಬಿರಗಳನ್ನು ನಡೆಸಿದರು. ಸುಬ್ಬಣ್ಣನವರು ಕನ್ನಡದಲ್ಲಿ ಸಿನಿಮಾ ಕುರಿತ ಪುಸ್ತಕಗಳನ್ನೂ ಬರೆದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಇಂಥ ಕೆಲಸಕ್ಕಾಗಿ. ‘ಲೂಸಿಯಾ’ದಲ್ಲಿ ಟಾರ್ಚು ಹಿಡಿದ ಸತೀಶ್ ನೀನಾಸಂ ಅವರ ಹೆಸರಿನ ಬಾಲದಲ್ಲಿರುವುದು ಇದೇ ಸಂಸ್ಥೆ. ಹೆಗ್ಗೋಡಿನಲ್ಲಿ ಮುಖ್ಯವಾದುದು, ಚಿತ್ರದ ಬಳಿಕ ಕುಳಿತು ಮಾತನಾಡುವ ಪದ್ಧತಿ. ನಮ್ಮ ಮನೆಗಳಲ್ಲಿ ಅದಕ್ಕೆ ಶಿಬಿರ ಬೇಕಿಲ್ಲ. ಚಿತ್ರ ಮುಗಿದೊಡನೆ ದೂರದರ್ಶನವನ್ನು ಆರಿಸಿ, ಒಂದು ಸುತ್ತು ಚಹ ಮಾಡಿ, ಮಾತನ್ನು ಮನೆಯ ಹಿರಿಯರಿಂದ ಆರಂಭಿಸಿದರೆ ಆಯಿತು. ಮೊದಲೇ ಓದಿಕೊಂಡು ಬಂದ ಮಕ್ಕಳ ಸರದಿ ಕೊನೆಗೆ ಬರಲಿ. ಇನ್ನೊಂದು ಮಾತು: ಚಿತ್ರ ನಡೆಯುವಾಗ ಸೊಸೆಯನ್ನು ನಡುನಡುವೆ ಅಡುಗೆಮನೆಗೆ ಕಳಿಸಬೇಡಿರಿ. ಕನಸಿನ ಚಿತ್ರದಲ್ಲಿ ಐದು ನಿಮಿಷ ತಪ್ಪಿದವಳು ಮುಂದೆ ಏನನ್ನೂ ಕೂಡಿಸಿಕೊಳ್ಳಲಾರಳು. ಅನಂತರ ‘ತಿಳಿಯಲಿಲ್ಲ’ ಎಂದರೆ ಅದು ಅವಳ ಕೊರತೆಯಲ್ಲ.

‘ಕನಸೆಂಬೋ ಕುದುರೆಯನೇರಿ’ ನೋಡಿ ಮುಗಿಸಿದವರು, ಬೇಕೆನಿಸಿದರೆ, ಅದೇ ಕಾಸರವಳ್ಳಿಯವರ ‘ಮನೆ’ಯನ್ನು ನೋಡಬಹುದು. ಟಿ. ಜಿ. ರಾಘವರ ಕಥೆ, ನಾಸಿರುದ್ದೀನ್ ಶಾ, ದೀಪ್ತಿ ನಾವಲ್ ದಂಪತಿಗಳಾಗಿ ಅಭಿನಯಿಸಿದ್ದಾರೆ. ಊರಿನ ಕೂಡುಕುಟುಂಬವನ್ನು ಬಿಟ್ಟು ತಮ್ಮದೇ ಒಂದು ಗೂಡು ಬೇಕೆಂದು ನಗರಕ್ಕೆ ಬಂದ ಗಂಡಹೆಂಡಿರಿಗೆ ಒಂದು ಕೋಣೆ ಸಿಗುತ್ತದೆ. ಪಕ್ಕದ ಶೆಡ್ಡಿನಿಂದ ಕಬ್ಬಿಣ ಬಡಿಯುವ ಸದ್ದೂ ಅದರೊಡನೆ ಬರುತ್ತದೆ. ಇದರಲ್ಲಿ ಯಾರೂ ಮಲಗಿ ಕನಸು ಕಾಣುವುದಿಲ್ಲ. ಸದ್ದಿನಿಂದಾಗಿ ನಿದ್ರೆಯೇ ಇಲ್ಲ. ಆದರೂ ನೋಡುತ್ತ ಹೋದಂತೆ ಅದು ದುಃಸ್ವಪ್ನದ ಹಾಗೆ ಬಿಗಿಯುತ್ತ ಬರುತ್ತದೆ. ನೋಡುವಾಗ ಆ ಸದ್ದು ಯಾವಾಗ ನಿಲ್ಲುತ್ತದೆ, ನಿಂತಾಗ ಆ ಇಬ್ಬರೂ ಒಬ್ಬರಿಗೊಬ್ಬರು ಏನು ಮಾತನಾಡುತ್ತಾರೆ ಎಂಬುದರ ಮೇಲೆ ಒಂದಿಷ್ಟು ಕಿವಿಯಿಟ್ಟಿರಿ.